ಹತ್ತು ಕಂಪ್ಯೂಟರ್, ಒಂದೇ ಬಾಗಿಲು: ಆಪ್ಟ್‌ಗೆ ಪ್ರಾಕ್ಸಿ ವಿಳಾಸ ಹೇಳುವುದು ಹೇಗೆ?



"ಸಾರ್, ನಮ್ ಮೆಷಿನ್ನಲ್ಲಿ ಇಂಟರ್‌ನೆಟ್ ಪೇಜ್ ಬರ್ತದೆ, ಆದ್ರೆ ಆವರ್ತ ಕೋಷ್ಟಕದ ಸಾಫ್ಟ್‌ವೇರ್ ಮಾತ್ರ ಇಳಿಯೋದೇ ಇಲ್ಲ, ಯಾಕೆ?" ಈ ಪ್ರಶ್ನೆ ಈಚೆಗೆ ನಮ್ಮ ಗಣಕಯಂತ್ರ ಕೊಠಡಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಇದಕ್ಕೆ ಉತ್ತರ ಎರಡೇ ಸಾಲು. ಆದರೆ ಆ ಸಾಲು ಯಾಕೆ ಬರೀತೀವಿ ಅಂತ ತಿಳಿಯದೆ ಸುಮ್ಮನೆ ನೋಡಿಕೊಂಡು ಬರೆದರೆ, ನಾಳೆ ಒಂದು ಚಿಹ್ನೆ ಬಿಟ್ಟುಹೋದರೂ ಕೈಕಟ್ಟಿ ಕೂರಬೇಕಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ರಜೆಗೆ ಬಂದಾಗ ತೋರಿಸಿಕೊಟ್ಟಿದ್ದು ಕೆಲವು, ಲ್ಯಾಬಿನಲ್ಲಿ ಸಾರ್ ಜೊತೆ ಕೂತು ಮಾಡಿ ನೋಡಿದ್ದು ಕೆಲವು.

ಒಂದು ಸೂಚನೆ. ನಮ್ಮ ಗೋಡೆ ಪತ್ರಿಕೆಯಲ್ಲಿ ಕನ್ನಡ ಅಕ್ಷರ ಮಾತ್ರ ಬರೆಯಬೇಕೆಂಬ ನಿಯಮ ಇರುವುದರಿಂದ ಆದೇಶಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಕಾಗುಣಿತ ಬೇಕಾದವರಿಗೆ ಲ್ಯಾಬಿನ ಬಾಗಿಲ ಹಿಂದೆ ಒಂದು ಚಾರ್ಟ್ ಅಂಟಿಸಿದ್ದೇವೆ.

ಮೊದಲು ನಮ್ಮ ಲ್ಯಾಬಿನ ಸ್ಥಿತಿ ಹೇಳುತ್ತೇನೆ. ಇರುವುದು ಹತ್ತು ಕಂಪ್ಯೂಟರ್, ಎಲ್ಲದರಲ್ಲೂ ಉಬುಂಟು. ಉಬುಂಟು ನಮ್ಮ ಮೇಷ್ಟ್ರುಗಳಿಗೆ ಹೊಸದಲ್ಲ. 2016ರಲ್ಲಿ ಶುರುವಾದ ಸರ್ಕಾರದ ಟ್ಯಾಲ್ಪ್ ಕಾರ್ಯಕ್ರಮದ ತರಬೇತಿಯಲ್ಲಿ ಪ್ರೌಢಶಾಲೆಯ ಶಿಕ್ಷಕರು ಕಲಿತದ್ದು ಇದರಲ್ಲೇ. ಹತ್ತು ಮೆಷಿನ್‌ಗಳಲ್ಲಿ ಹೊರಗಿನ ಇಂಟರ್‌ನೆಟ್ ಇರುವುದು ಒಂದಕ್ಕೆ ಮಾತ್ರ, ಅದೇ ಸಾರ್ ಮೇಜಿನ ಮೇಲಿನ ಒಂದನೇ ನಂಬರ್. ಅದಕ್ಕೆ ಸಿಕ್ಕಿಸಿರುವ ಡಾಂಗಲ್‌ಗೆ ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಮಧ್ಯಾಹ್ನದೊಳಗೆ ಮುಗಿದುಹೋದರೆ ಆವತ್ತಿಗೆ ಅಷ್ಟೆ. ಉಳಿದ ಒಂಬತ್ತು ಮೆಷಿನ್ ತಂತಿಯಲ್ಲಿ ಒಂದನೇ ನಂಬರ್‌ಗೆ ಸೇರಿಕೊಂಡಿವೆ.

ಇದರಲ್ಲಿ ನಮಗೇನು ನಷ್ಟ ಅಂದರೆ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ವಾರಕ್ಕೆ ಎರಡು ಪೀರಿಯಡ್ ಸಿಗುವುದು ಇಲ್ಲೇ. ಆ ಎರಡು ಪೀರಿಯಡ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಲಿಬ್ರೆಆಫೀಸ್ ತೆಗೆದು, ಮೇಲಿರುವ ಇಂಗ್ಲಿಷ್ ಪಟ್ಟಿ ನೋಡಿ, ಮೌಸ್ ಹಿಡಿದುಕೊಂಡು ಸುಮ್ಮನೆ ಕೂರುತ್ತಾರೆ. ಅದೇ ಲಿಬ್ರೆಆಫೀಸ್‌ಗೆ ಕನ್ನಡದ ಮುಖ ಇದೆ! 'ಫೈಲ್' ಇರುವ ಜಾಗದಲ್ಲಿ 'ಕಡತ' ಅಂತ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಇಳಿಸಿಕೊಂಡರೆ ಸಾಕು. ಆ ಪೊಟ್ಟಣದ ಹೆಸರು ಲಿಬ್ರೆಆಫೀಸ್-ಎಲ್10ಎನ್-ಕೆಎನ್. ಹೆಸರು ನೋಡಿ ಹೆದರಬೇಡಿ. 'ಲೋಕಲೈಸೇಷನ್' ಅನ್ನೋ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಎಲ್ ಮತ್ತು ಎನ್ ನಡುವೆ ಹತ್ತು ಅಕ್ಷರ ಬರುತ್ತವೆ, ಬರೆಯಲು ಸೋಮಾರಿತನ ಆಗಿ 10 ಅಂತ ಹಾಕಿದ್ದಾರೆ. ಕೆಎನ್ ಅಂದರೆ ಕನ್ನಡ. ವಿಜ್ಞಾನ ಮಿಸ್ ಕೇಳುತ್ತಿರುವ ಆವರ್ತ ಕೋಷ್ಟಕದ ಕಾಲ್ಜಿಯಂ, ಆಕಾಶ ತೋರಿಸುವ ಸ್ಟೆಲ್ಲೇರಿಯಂ, ಇವೂ ಹೀಗೇ ಬಿಟ್ಟಿ ಸಿಗುವ ಪೊಟ್ಟಣಗಳು.

ಪೊಟ್ಟಣ ತರುವವನೇ ಆಪ್ಟ್

ಉಬುಂಟುವಿನಲ್ಲಿ ಸಾಫ್ಟ್‌ವೇರನ್ನು ಪ್ಯಾಕೇಜ್ ಅಂದರೆ ಪೊಟ್ಟಣವಾಗಿ ಕಟ್ಟಿ ದೂರದ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಅದನ್ನು ಹುಡುಕಿ, ತಂದು, ಬಿಚ್ಚಿ ಜೋಡಿಸುವ ಕೆಲಸಗಾರನ ಹೆಸರು ಆಪ್ಟ್. ಇದು ಮೊದಲು ಬಂದಿದ್ದು ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ, 1999ರಲ್ಲಿ. ಡೆಬಿಯನ್ನನ್ನು ಇಯಾನ್ ಮರ್ಡಾಕ್ ಎಂಬುವರು 1993ರಲ್ಲಿ ಶುರುಮಾಡಿದರು. ಅದನ್ನೇ ತಳಪಾಯ ಮಾಡಿಕೊಂಡು 2004ರಲ್ಲಿ ಉಬುಂಟು ಬಂತು.

ಆಪ್ಟ್ ಬರುವುದಕ್ಕೆ ಮೊದಲು ಒಂದು ಪೊಟ್ಟಣ ಹಾಕಬೇಕಾದರೆ ಅದಕ್ಕೆ ಇನ್ನೇನೇನು ಬೇಕು ಅಂತ ನಾವೇ ಹುಡುಕಬೇಕಿತ್ತಂತೆ. ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಹೊರಟು ಬರುವ ಹಾಗೆ, ಕಾಲ್ಜಿಯಂ ಬೇಕು ಅಂದರೆ ಅದರ ಹಿಂದೆ ಹತ್ತಾರು ಸಣ್ಣ ಪೊಟ್ಟಣಗಳು ಬರಬೇಕು. ಆ ಲೆಕ್ಕವನ್ನೆಲ್ಲ ಆಪ್ಟ್ ತಾನೇ ಹಾಕುತ್ತದೆ. ನಾವು ಟರ್ಮಿನಲ್ ತೆಗೆದು ಹೇಳಬೇಕಾದ್ದು ಎರಡೇ ಮಾತು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಕಾಲ್ಜಿಯಂ

ಮೊದಲನೆಯದು ಸಾಮಾನಿನ ಪಟ್ಟಿಯನ್ನು ಹೊಸದು ಮಾಡಿಕೊಳ್ಳುತ್ತದೆ, ಎರಡನೆಯದು ಸಾಮಾನು ತರುತ್ತದೆ. ಸುಡೊ ಅಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ. ಅದಕ್ಕೆ ಪಾಸ್‌ವರ್ಡ್ ಕೇಳುತ್ತದೆ, ಸಾರ್ ಬಂದು ಒತ್ತುತ್ತಾರೆ. ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ, ಅದು ಇರೋದೇ ಹಾಗೆ.

ನಮ್ಮ ಎರಡನೇ ನಂಬರ್ ಮೆಷಿನ್‌ನಲ್ಲಿ ಈ ಮಾತು ಹೇಳಿದರೆ ಆಪ್ಟ್ ನೇರವಾಗಿ ಹೊರಗಿನ ಸರ್ವರ್ ಹುಡುಕಲು ಹೊರಡುತ್ತದೆ. ಹೊರಗೆ ಹೋಗುವ ದಾರಿ ಅದಕ್ಕಿಲ್ಲವಲ್ಲ. ಸ್ವಲ್ಪ ಹೊತ್ತು ತಡವರಿಸಿ "ಕುಡ್ ನಾಟ್ ರಿಸಾಲ್ವ್", ಅಂದರೆ ವಿಳಾಸ ಸಿಗಲಿಲ್ಲ ಅಂತ ಹೇಳಿ ಸುಮ್ಮನಾಗುತ್ತದೆ.

ಪ್ರಾಕ್ಸಿ ಅಂದರೆ ಯಾರು?

ನಮ್ಮೂರಿಂದ ಅರಸೀಕೆರೆ ಪೇಟೆಗೆ ದಿನಾ ಎಲ್ಲರೂ ಹೋಗುವುದಿಲ್ಲ. ಹೋಗುವವರೊಬ್ಬರ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತೇವೆ. ಅವರು ಪೇಟೆಗೆ ಹೋಗಿ, ಚೀಟಿಯಲ್ಲಿದ್ದ ಸಾಮಾನು ಕೊಂಡು, ಯಾರ ಚೀಟಿ ಯಾವುದೋ ಅವರವರ ಮನೆಗೆ ತಲುಪಿಸುತ್ತಾರೆ. ಪೇಟೆಯ ಅಂಗಡಿಯವನಿಗೆ ಕಂಡಿದ್ದು ಆ ಒಬ್ಬರೇ, ನಾವಲ್ಲ. ಇಂಟರ್‌ನೆಟ್‌ನಲ್ಲಿ ಹೀಗೆ ಮಧ್ಯಸ್ಥನಾಗಿ ಹೋಗಿ ಬರುವ ಕಂಪ್ಯೂಟರಿಗೆ ಪ್ರಾಕ್ಸಿ ಎಂದು ಹೆಸರು. ನಮ್ಮ ಲ್ಯಾಬಿನಲ್ಲಿ ಒಂದನೇ ನಂಬರ್ ಮೆಷಿನ್ ಈ ಕೆಲಸ ಮಾಡುತ್ತದೆ. ಅದರಲ್ಲಿ ಸಾರ್ ಸ್ಕ್ವಿಡ್ ಎಂಬ ಸಾಫ್ಟ್‌ವೇರ್ ಹಾಕಿದ್ದಾರೆ. 1996ರಿಂದ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಪ್ರಾಕ್ಸಿ ಅದು.

ಚೀಟಿ ಕೊಡಬೇಕಾದರೆ ಯಾರ ಮನೆಗೆ, ಯಾವ ಬಾಗಿಲಿಗೆ ಅಂತ ಗೊತ್ತಿರಬೇಕು. ಮನೆ ಅಂದರೆ ಐಪಿ ವಿಳಾಸ: ನಮ್ಮಲ್ಲಿ 192.168.1.5. ಬಾಗಿಲು ಅಂದರೆ ಪೋರ್ಟ್: ಸ್ಕ್ವಿಡ್‌ನ ರೂಢಿಯ ಬಾಗಿಲು 3128. ಎರಡನ್ನೂ ಸೇರಿಸಿ ನಡುವೆ ಕೋಲನ್ ಹಾಕಿ ಬರೆಯುತ್ತಾರೆ. 192.168ರಿಂದ ಶುರುವಾಗುವ ವಿಳಾಸಗಳು ಒಂದು ಕಟ್ಟಡದ ಒಳಗಿನ ಬಳಕೆಗೆ ಮೀಸಲು. ಬೇಲೂರಿನ ಯಾವುದೋ ಶಾಲೆಯಲ್ಲೂ ಇದೇ ನಂಬರ್ ಇರಬಹುದು, ಜಗಳವಿಲ್ಲ.

ಬ್ರೌಸರ್‌ಗೆ ಹೇಳಿದ್ದು ಆಪ್ಟ್‌ಗೆ ಯಾಕೆ ಕೇಳಿಸಲಿಲ್ಲ?

ಎಲ್ಲರ ಗೊಂದಲ ಇಲ್ಲೇ ಇರುವುದು. ನಾವೆಲ್ಲ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರಾಕ್ಸಿ ವಿಳಾಸ ತುಂಬಿದ್ದೆವು, ಪೇಜು ಬಂತು. ಸರಿ. ಆದರೆ ಅದು ಬ್ರೌಸರ್‌ಗೆ ಮಾತ್ರ ಹೇಳಿದ ಗುಟ್ಟು. ಆಪ್ಟ್ ಬೇರೆಯೇ ಆಳು, ಪಕ್ಕದ ಮನೆಯವನ ಕಿವಿಯಲ್ಲಿ ಹೇಳಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ತಿಳಿದವರು ಟರ್ಮಿನಲ್‌ನಲ್ಲಿ ಹೀಗೆ ಬರೆಯುತ್ತಾರೆ:

ಎಕ್ಸ್‌ಪೋರ್ಟ್ ಎಚ್‌ಟಿಟಿಪಿ_ಪ್ರಾಕ್ಸಿ=ಎಚ್‌ಟಿಟಿಪಿ://192.168.1.5:3128/

ಇದು ಆ ಟರ್ಮಿನಲ್ಲಿನ ಜೇಬಿಗೆ ಒಂದು ಚೀಟಿ ಹಾಕಿಕೊಟ್ಟ ಹಾಗೆ. ಅಲ್ಲಿಂದ ಓಡುವ ಎಷ್ಟೋ ಪ್ರೋಗ್ರಾಂಗಳು ಜೇಬು ನೋಡಿ ವಿಳಾಸ ತಿಳಿದುಕೊಳ್ಳುತ್ತವೆ. ಆದರೆ ಆಪ್ಟ್ ಓಡಿಸಲು ಮುಂದೆ ಸುಡೊ ಹಾಕುತ್ತೇವಲ್ಲ, ಅಲ್ಲೇ ಇರುವುದು ತಮಾಷೆ. ಪರೀಕ್ಷೆ ಕೊಠಡಿಯ ಬಾಗಿಲಲ್ಲಿ ಜೇಬಿನ ಚೀಟಿಗಳನ್ನೆಲ್ಲ ಹೊರಗೆ ಹಾಕಿಸಿ ಒಳಗೆ ಬಿಡುತ್ತಾರಲ್ಲ, ಸುಡೊ ಕೂಡ ಹಾಗೇ ಮಾಡುತ್ತದೆ. ಯಜಮಾನನ ಅಧಿಕಾರ ಕೊಡುವಾಗ ಯಾರೋ ಕೊಟ್ಟ ಚೀಟಿ ಜೊತೆಗೆ ಬರಬಾರದೆಂದು ಎಚ್ಚರಿಕೆ. ಅದು ಒಳ್ಳೆಯದೇ. ಆದರೆ ನಮ್ಮ ಪ್ರಾಕ್ಸಿ ಚೀಟಿಯೂ ಬಾಗಿಲಲ್ಲೇ ಉಳಿದುಹೋಗುತ್ತದೆ. ಸುಡೊ ಮುಂದೆ -ಇ ಅಂತ ಸೇರಿಸಿದರೆ ಚೀಟಿ ಒಳಗೆ ಒಯ್ಯಲು ಬಿಡಬಹುದು. ಅದಕ್ಕಿಂತ ಆಪ್ಟ್‌ನ ಸ್ವಂತ ಪುಸ್ತಕದಲ್ಲೇ ಬರೆದಿಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ಬರೆಯುವ ವಿಧಾನ

ಒಂದೇ ಸಲಕ್ಕೆ ಸಾಕು, ಮೊದಲು ಪರೀಕ್ಷೆ ಮಾಡಿ ನೋಡೋಣ ಅನ್ನುವವರು ಆದೇಶದ ಜೊತೆಗೇ ಹೇಳಬಹುದು:

ಸುಡೊ ಆಪ್ಟ್ -ಒ ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ="ಎಚ್‌ಟಿಟಿಪಿ://192.168.1.5:3128/" ಅಪ್‌ಡೇಟ್

ಇದು ಕೆಲಸ ಮಾಡಿದರೆ ವಿಳಾಸ, ಬಾಗಿಲು ಎರಡೂ ಸರಿ ಇದೆ ಎಂದು ಖಾತ್ರಿ. ಇನ್ನು ಶಾಶ್ವತವಾಗಿ ಬರೆಯೋಣ. ಆಪ್ಟ್‌ನ ನಿಯಮಗಳು ಒಂದು ಫೋಲ್ಡರಿನಲ್ಲಿ ಸಣ್ಣ ಸಣ್ಣ ಕಡತಗಳಾಗಿ ಇರುತ್ತವೆ. ಅಲ್ಲಿ ನಮ್ಮದೊಂದು ಹೊಸ ಕಡತ ತೆರೆಯಬೇಕು:

ಸುಡೊ ನ್ಯಾನೊ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/95ಪ್ರಾಕ್ಸಿ

ನ್ಯಾನೊ ಅನ್ನುವುದು ಟರ್ಮಿನಲ್ ಒಳಗೇ ಬರೆಯುವ ಸ್ಲೇಟು. ಖಾಲಿ ಪುಟ ತೆರೆಯುತ್ತದೆ. ಅದರಲ್ಲಿ ಈ ಎರಡು ಸಾಲು:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.5:3128/";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಎಚ್‌ಟಿಟಿಪಿ://192.168.1.5:3128/";

ಕಂಟ್ರೋಲ್ ಜೊತೆ ಒ ಒತ್ತಿ, ಎಂಟರ್ ಒತ್ತಿದರೆ ಉಳಿಯುತ್ತದೆ. ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಹೊರಗೆ ಬರುತ್ತೀರಿ. ಅಷ್ಟೇ ಕೆಲಸ. ಮೆಷಿನ್ ಆಫ್ ಮಾಡಿ ಆನ್ ಮಾಡಬೇಕಾಗಿಲ್ಲ.

ಕೆಲವು ಸೂಕ್ಷ್ಮ ಇವೆ, ದಯವಿಟ್ಟು ಗಮನಿಸಿ. ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟರೆ ಆಪ್ಟ್ "ಎಕ್ಸ್‌ಟ್ರಾ ಜಂಕ್ ಅಟ್ ಎಂಡ್ ಆಫ್ ಫೈಲ್" ಅಂತ ಬೈಯುತ್ತದೆ. ಬೈಗುಳ ನೋಡಿದರೆ ಏನೋ ಕಸ ಜಾಸ್ತಿ ಬರೆದಿದ್ದೀವಿ ಅನ್ನಿಸುತ್ತದೆ, ನಿಜವಾಗಿ ಒಂದು ಚಿಹ್ನೆ ಕಮ್ಮಿ ಬಿದ್ದಿರುತ್ತದೆ! ಅಕ್ವೈರ್ ಆದಮೇಲೆ ಕೋಲನ್ ಎರಡೆರಡು. ಎರಡನೇ ಸಾಲಿನಲ್ಲಿ ಎಡಗಡೆ ಎಚ್‌ಟಿಟಿಪಿಎಸ್ ಇದ್ದರೂ ಬಲಗಡೆ ವಿಳಾಸದಲ್ಲಿ ಬರೀ ಎಚ್‌ಟಿಟಿಪಿ ಇದೆ, ಅದು ಕೈತಪ್ಪಲ್ಲ. ಎಡಗಡೆಯದು ಕೊನೆಗೆ ಯಾವ ಬಗೆಯ ಸರ್ವರ್‌ಗೆ ಹೋಗಬೇಕು ಅನ್ನುವುದು, ಬಲಗಡೆಯದು ನಮ್ಮ ಮಧ್ಯಸ್ಥನ ಜೊತೆ ಹೇಗೆ ಮಾತಾಡಬೇಕು ಅನ್ನುವುದು.

ಕಡತದ ಹೆಸರಿನ ಬಗ್ಗೆಯೂ ಒಂದು ಮಾತು. ಮುಂದಿನ 95 ಅನ್ನುವುದು ಹಾಜರಿ ಪುಸ್ತಕದ ನಂಬರ್ ಇದ್ದ ಹಾಗೆ, ಕಡತಗಳನ್ನು ಆಪ್ಟ್ ಹೆಸರಿನ ಕ್ರಮದಲ್ಲಿ ಓದುತ್ತದೆ. ಒಂದೇ ವಿಷಯ ಎರಡು ಕಡೆ ಬರೆದಿದ್ದರೆ ಕೊನೆಗೆ ಓದಿದ್ದೇ ಲೆಕ್ಕ. ಹೆಸರಿನ ಕೊನೆಗೆ ಬಾಲ ಇರಬಾರದು, ಇದ್ದರೆ '.ಕಾನ್ಫ್' ಒಂದೇ ಇರಬಹುದು. '.ಟಿಎಕ್ಸ್‌ಟಿ' ಅಂತ ಬರೆದರೆ ಆಪ್ಟ್ ಆ ಕಡತವನ್ನು ಓದದೆ ಬಿಟ್ಟುಬಿಡುತ್ತದೆ.

ಬರೆದದ್ದು ಆಪ್ಟ್‌ಗೆ ಮುಟ್ಟಿತೋ ಇಲ್ಲವೋ ಅಂತ ನೋಡಲು:

ಆಪ್ಟ್-ಕಾನ್ಫಿಗ್ ಡಂಪ್ | ಗ್ರೆಪ್ -ಐ ಪ್ರಾಕ್ಸಿ

ನಡುವೆ ಇರುವ ನೆಟ್ಟನೆಯ ಗೀಟನ್ನು ಪೈಪ್ ಅನ್ನುತ್ತಾರೆ. ನಾವು ಬರೆದ ಸಾಲು ಉತ್ತರದಲ್ಲಿ ಕಂಡರೆ ಆಪ್ಟ್ ಓದಿಕೊಂಡಿದೆ ಎಂದರ್ಥ.

ಅದು ಹೇಳುವುದನ್ನು ಓದಿ

ನಮ್ಮವರಲ್ಲಿ ಒಂದು ಅಭ್ಯಾಸ ಇದೆ. ಪರದೆ ಮೇಲೆ ಇಂಗ್ಲಿಷ್ ಸಾಲು ಬಂದ ಕೂಡಲೆ "ಸಾರ್, ಎರರ್" ಅಂತ ಕೂಗುವುದು. ಏನು ಎರರ್ ಅಂದರೆ ಗೊತ್ತಿಲ್ಲ. ಅದನ್ನು ಓದಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. "ಕನೆಕ್ಷನ್ ರೆಫ್ಯೂಸ್ಡ್" ಅಂತ ಬಂದರೆ ಮನೆ ಸಿಕ್ಕಿದೆ, ಬಾಗಿಲು ತೆರೆದಿಲ್ಲ. ಅಂದರೆ ಪೋರ್ಟ್ ನಂಬರ್ ತಪ್ಪಿರಬೇಕು, ಇಲ್ಲವೇ ಒಂದನೇ ಮೆಷಿನ್‌ನಲ್ಲಿ ಸ್ಕ್ವಿಡ್ ಓಡುತ್ತಿಲ್ಲ. 407 ಎಂಬ ನಂಬರ್ ಬಂದರೆ ಪ್ರಾಕ್ಸಿ "ನೀನ್ಯಾರು, ಹೆಸರು, ಪಾಸ್‌ವರ್ಡ್ ಹೇಳು" ಅನ್ನುತ್ತಿದೆ. 403 ಬಂದರೆ ಬಾಗಿಲು ತೆರೆದೇ ಇದೆ, ಆದರೆ ಒಳಗೆ ಬರಲು ಅಪ್ಪಣೆ ಇಲ್ಲ. ಹಳೆಯ "ಕುಡ್ ನಾಟ್ ರಿಸಾಲ್ವ್" ಮತ್ತೆ ಬಂದರೆ, ಅದರಲ್ಲಿ ಯಾರ ಹೆಸರು ಇದೆ ನೋಡಿ. ಹೊರಗಿನ ಸರ್ವರ್ ಹೆಸರೇ ಇದ್ದರೆ ಆಪ್ಟ್ ಇನ್ನೂ ಪ್ರಾಕ್ಸಿ ಇಲ್ಲದೆ ನೇರವಾಗಿ ಹೊರಡುತ್ತಿದೆ ಎಂದು ತಿಳಿಯಬೇಕು.

ನಮ್ಮ ಶಾಲೆಯ ಪ್ರಾಕ್ಸಿ ಪಾಸ್‌ವರ್ಡ್ ಕೇಳುವುದಿಲ್ಲ. ಕಾಲೇಜುಗಳಲ್ಲಿ ಕೇಳುತ್ತದಂತೆ. ಆಗ ವಿಳಾಸದ ಹಿಂದೆ ಹೆಸರು, ಕೋಲನ್, ಪಾಸ್‌ವರ್ಡ್, ಆಮೇಲೆ @ ಚಿಹ್ನೆ ಹಾಕಿ ಬರೆಯುತ್ತಾರೆ. ಪಾಸ್‌ವರ್ಡ್ ಒಳಗೇ @ ಇದ್ದರೆ ಅದರ ಬದಲು %40 ಅಂತ ಬರೆಯಬೇಕು, ಇಲ್ಲದಿದ್ದರೆ ಎಲ್ಲಿ ಪಾಸ್‌ವರ್ಡ್ ಮುಗಿದು ಎಲ್ಲಿ ವಿಳಾಸ ಶುರುವಾಯಿತು ಅಂತ ಆಪ್ಟ್‌ಗೆ ಗೊತ್ತಾಗುವುದಿಲ್ಲ. ಹತ್ತು ಜನ ಬಳಸುವ ಮೆಷಿನ್‌ನಲ್ಲಿ ಹೀಗೆ ಪಾಸ್‌ವರ್ಡ್ ಬರೆದಿಡುವುದು ನನಗೇನೋ ಸರಿ ಕಾಣುವುದಿಲ್ಲ. ಆ ಕಡತವನ್ನು ಸಾಮಾನ್ಯವಾಗಿ ಯಾರು ಬೇಕಾದರೂ ತೆರೆದು ಓದಬಹುದು.

ಚೀಟಿ ಒಯ್ಯುವವನು ಅಂಗಡಿ ಇಟ್ಟರೆ?

ಇಲ್ಲಿಯವರೆಗೆ ದಾರಿ ಆಯಿತು. ಡಾಂಗಲ್‌ನ ಮಿತಿ ಹಾಗೇ ಉಳಿಯಿತಲ್ಲ? ಲೆಕ್ಕ ಹಾಕಿ ನೋಡಿ. ಒಂದು ಮೆಷಿನ್‌ಗೆ ಹೊಸ ಪೊಟ್ಟಣಗಳು 200 ಎಂ.ಬಿ. ಆದವು ಅಂದುಕೊಳ್ಳಿ. ಹತ್ತು ಮೆಷಿನ್‌ಗೆ 2,000 ಎಂ.ಬಿ. ಹತ್ತೂ ಮೆಷಿನ್ ತರಿಸುತ್ತಿರುವುದು ಅದೇ ಪೊಟ್ಟಣ, ಒಂದಕ್ಷರ ವ್ಯತ್ಯಾಸವಿಲ್ಲ. ಹತ್ತು ಮನೆಗೆ ಹತ್ತು ಕೆ.ಜಿ. ಸಕ್ಕರೆ ಬೇಕಾದರೆ ಅರಸೀಕೆರೆಗೆ ಹತ್ತು ಸಲ ಬಸ್ಸು ಹತ್ತುವವರು ಉಂಟಾ? ಒಂದೇ ಸಲ ಮೂಟೆ ತಂದು ಊರಲ್ಲಿ ಅಂಗಡಿ ಇಟ್ಟರೆ ಮುಗಿಯಿತು.

ಸ್ಕ್ವಿಡ್‌ಗೂ ಸಾಮಾನು ಕೂಡಿಟ್ಟುಕೊಳ್ಳಲು ಬರುತ್ತದೆ. ಆದರೆ ನಾವು ಬೇರೆ ಹೇಳದಿದ್ದರೆ 4 ಎಂ.ಬಿ.ಗಿಂತ ದೊಡ್ಡದನ್ನು ಇಟ್ಟುಕೊಳ್ಳುವುದಿಲ್ಲ. ಪೊಟ್ಟಣಗಳೋ ಅದಕ್ಕಿಂತ ದೊಡ್ಡವು ಬೇಕಾದಷ್ಟಿವೆ. ಆಪ್ಟ್ ಪೊಟ್ಟಣಗಳಿಗೆಂದೇ ಮಾಡಿದ ಇನ್ನೊಂದು ಪ್ರಾಕ್ಸಿ ಇದೆ, ಹೆಸರು ಆಪ್ಟ್-ಕ್ಯಾಶರ್-ಎನ್‌ಜಿ. ಅದರ ಬಾಗಿಲು 3142. ಒಂದನೇ ಮೆಷಿನ್‌ನಲ್ಲಿ ಸಾರ್ ಇದನ್ನು ಹಾಕಿದರು:

ಸುಡೊ ಆಪ್ಟ್ ಇನ್‌ಸ್ಟಾಲ್ ಆಪ್ಟ್-ಕ್ಯಾಶರ್-ಎನ್‌ಜಿ

ಇನ್ನು ಉಳಿದ ಮೆಷಿನ್‌ಗಳ 95ಪ್ರಾಕ್ಸಿ ಕಡತದಲ್ಲಿ ಮೊದಲನೇ ಸಾಲಿನ 3128 ತೆಗೆದು 3142 ಹಾಕಿದರೆ ಆಯಿತು. ಒಂದನೇ ಮೆಷಿನ್‌ನ ಆಪ್ಟ್ ಕೂಡ ಅದೇ ಅಂಗಡಿಯಿಂದ ಕೊಳ್ಳಲಿ ಎಂದು ಅದರ ಕಡತದಲ್ಲಿ 127.0.0.1:3142 ಅಂತ ಬರೆದಿದ್ದೇವೆ. 127.0.0.1 ಅಂದರೆ 'ನಾನೇ' ಅಂತ. ಎರಡನೇ ನಂಬರ್ ಮೆಷಿನ್ ಲಿಬ್ರೆಆಫೀಸ್‌ನ ಕನ್ನಡ ಮುಖ ಕೇಳಿದಾಗ ಅದು ಹೊರಗಿನಿಂದ ಬಂದು ಒಂದನೇ ಮೆಷಿನ್‌ನಲ್ಲಿ ದಾಸ್ತಾನಾಯಿತು. ಮೂರನೇ ನಂಬರ್ ಕೇಳಿದಾಗ ಡಾಂಗಲ್‌ನಿಂದ ಅದನ್ನು ಮತ್ತೆ ತರಿಸಬೇಕಾಗಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದಿತ್ತು. ಬ್ರೌಸರ್‌ನಲ್ಲಿ ಒಂದನೇ ಮೆಷಿನ್‌ನ ವಿಳಾಸ, 3142, ಆಮೇಲೆ ಓರೆಗೀಟು ಹಾಕಿ ಎಸಿಎನ್‌ಜಿ-ರಿಪೋರ್ಟ್.ಎಚ್‌ಟಿಎಂಎಲ್ ಅಂತ ಬರೆದರೆ ಎಷ್ಟು ಹೊರಗಿನಿಂದ ಬಂತು, ಎಷ್ಟು ದಾಸ್ತಾನಿನಿಂದ ಹೋಯಿತು ಎಂಬ ಲೆಕ್ಕದ ಪುಟ ಸಿಗುತ್ತದೆ. ಗಣಿತದ ಮೇಷ್ಟ್ರಿಗೆ ಅದನ್ನು ತೋರಿಸಿದಾಗ ಶೇಕಡಾ ಲೆಕ್ಕಕ್ಕೆ ಒಳ್ಳೆ ಉದಾಹರಣೆ ಕಣ್ರೋ ಅಂದರು.

ನಡುವಿನವನು ಕಲಬೆರಕೆ ಮಾಡಿದರೆ?

ಈ ಪ್ರಶ್ನೆಯನ್ನು ನಮ್ಮ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ಒಳ್ಳೆಯ ಪ್ರಶ್ನೆ. ಅಂಗಡಿಯವನು ಸಕ್ಕರೆಗೆ ರವೆ ಬೆರೆಸಿದರೆ ತಿಂದಮೇಲೆ ಗೊತ್ತಾಗುತ್ತದೆ. ಪೊಟ್ಟಣಕ್ಕೆ ಏನಾದರೂ ಸೇರಿಸಿದರೆ?

ಬೇಲೂರಿಗೆ ಹೋದವರು ನೋಡಿರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಕೆಲವು ಮದನಿಕೆಯರ ಕೆಳಗೆ ಶಿಲ್ಪಿಯ ಹೆಸರು ಕೊರೆದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಇದು ಇಂಥವರ ಕೆಲಸ ಅಂತ ಒಂಬೈನೂರು ವರ್ಷದ ಮೇಲೂ ತಿಳಿಯುತ್ತದೆ. ಉಬುಂಟುವಿನವರೂ ತಮ್ಮ ಪೊಟ್ಟಣಗಳ ಪಟ್ಟಿಗೆ ರುಜು ಹಾಕುತ್ತಾರೆ. ಆದರೆ ಕಲ್ಲಿನ ಮೇಲಿನ ಹೆಸರನ್ನು ಇನ್ನೊಬ್ಬ ನೋಡಿ ಕೊರೆಯಬಹುದು, ಇದು ಗಣಿತದ ರುಜು, ಅವರ ಗುಟ್ಟಿನ ಕೀಲಿ ಇಲ್ಲದೆ ಹಾಕಲು ಬರುವುದಿಲ್ಲ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಉಬುಂಟು ಹಾಕಿದಾಗಲೇ ನಮ್ಮ ಮೆಷಿನ್‌ಗೆ ಬಂದಿರುತ್ತದೆ. ಆ ಪಟ್ಟಿಯಿಂದ ಹಿಡಿದು ನೋಡಿದರೆ ಒಂದೊಂದು ಪೊಟ್ಟಣದ ಗುರುತಿನ ಸಂಖ್ಯೆಯೂ ಸಿಗುತ್ತದೆ. ಪೊಟ್ಟಣದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ತಾಳೆಯಾಗದೆ ಆಪ್ಟ್ "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಅಂದು ತಿರಸ್ಕರಿಸುತ್ತದೆ. ಕಲಬೆರಕೆ ಇಲ್ಲದೆಯೂ, ದಾಸ್ತಾನಿನಲ್ಲಿ ಹಳೆಯ ಪಟ್ಟಿ ಉಳಿದಿದ್ದರೆ ಒಮ್ಮೊಮ್ಮೆ ಇದೇ ಮಾತು ಬರುವುದುಂಟು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಪ್‌ಡೇಟ್ ಕೊಡಿ.

ಈ ರುಜು ಇರುವುದರಿಂದಲೇ ಉಬುಂಟು ಪೊಟ್ಟಣಗಳು ಬರೀ ಎಚ್‌ಟಿಟಿಪಿಯಲ್ಲಿ ಬಂದರೂ ಭಯವಿಲ್ಲ, ನಡುವೆ ದಾಸ್ತಾನು ಇಡಲೂ ಸಾಧ್ಯ. ಎಚ್‌ಟಿಟಿಪಿಎಸ್‌ನಲ್ಲಿ ಬರುವುದು ಬೀಗ ಹಾಕಿದ ಪೆಟ್ಟಿಗೆ, ಒಳಗೇನಿದೆ ಎಂದು ಅಂಗಡಿಯವನಿಗೆ ಕಾಣದು, ಹಾಗಾಗಿ ಕೂಡಿಡಲೂ ಆಗದು. ಅದಕ್ಕೇ ಎರಡನೇ ಸಾಲಿನಲ್ಲಿ 3128 ಹಾಗೇ ಬಿಟ್ಟಿದ್ದೇವೆ.

ಇನ್ನು ಕೊನೆಯದಾಗಿ. ಯಾವುದಾದರೂ ಮೆಷಿನ್ ರಿಪೇರಿಗೆಂದು ಹೊರಗೆ ಹೋದರೆ ಅಲ್ಲಿ 192.168.1.5 ಇರುವುದಿಲ್ಲ, ಆಪ್ಟ್ ಇಲ್ಲದ ಮಧ್ಯಸ್ಥನನ್ನೇ ಹುಡುಕುತ್ತಾ ಕೂರುತ್ತದೆ. ಕಳಿಸುವ ಮುಂಚೆ ಕಡತ ತೆಗೆಯಬೇಕು:

ಸುಡೊ ಆರ್‌ಎಂ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/95ಪ್ರಾಕ್ಸಿ

ಆರ್‌ಎಂ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ, ಹೋಗಿಯೇ ಬಿಡುತ್ತದೆ. ಎಂಟರ್ ಒತ್ತುವ ಮುಂಚೆ ಹೆಸರನ್ನು ಇಬ್ಬರು ಸೇರಿ ಓದಿ.

ಸದ್ಯಕ್ಕೆ ಆರನೇ ನಂಬರ್‌ವರೆಗೆ ಕಡತ ಬರೆದು ಆಗಿದೆ, ಕನ್ನಡ ಮುಖವೂ ಬಂದಿದೆ. ಏಳರಿಂದ ಹತ್ತರವರೆಗೆ ಶನಿವಾರ ಬೆಳಗಿನ ಕ್ಲಾಸ್ ಮುಗಿದ ಮೇಲೆ ಮಾಡುತ್ತೇವೆ. ಒಂಬತ್ತನೇ ತರಗತಿಯವರು ಬಂದರೆ ಅವರ ಕೈಯಲ್ಲೇ ಮಾಡಿಸಬೇಕೆಂದು ಸಾರ್ ಹೇಳಿದ್ದಾರೆ.